ಇರುಳ ಬಾನಿನಲ್ಲಿ ಸರಿಯುವ ಬೆಳಕುಗಳು

ಸೂರ್ಯ ಮುಳುಗಿ ಮುಕ್ಕಾಲು ಗಂಟೆಯಾಗಿರುತ್ತದೆ. ಪಶ್ಚಿಮದ ಅಂಚಿನಿಂದ ಚುಕ್ಕಿಯೊಂದು ಮೇಲೇಳುತ್ತದೆ. ಸದ್ದಿಲ್ಲ, ಮಿನುಗಿಲ್ಲ. ನೆತ್ತಿಗೇರುತ್ತಾ ಪ್ರಖರವಾಗಿ, ಗುರುಗ್ರಹವನ್ನೂ ಮೀರಿಸಿ ಬೆಳಗುತ್ತದೆ. ಪೂರ್ವಕ್ಕೆ ಇಳಿಯುವಾಗ, ದಿಗಂತ ಇನ್ನೂ ದೂರವಿರುವಂತೆಯೇ, ತುಸು ಕೆಂಪೇರಿ ನಡುಬಾನಿನಲ್ಲೇ ಕರಗಿಹೋಗುತ್ತದೆ. ನಾಲ್ಕೈದು ನಿಮಿಷಗಳ ಈ ವೈಭವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ್ದು. ಫುಟ್‌ಬಾಲ್ ಮೈದಾನದಷ್ಟು ಹರಡಿಕೊಂಡಿರುವ ಈ ಮಹಾನೌಕೆ ಸುಮಾರು 400 ಕಿ.ಮೀ. ಎತ್ತರದಲ್ಲಿ ಗಂಟೆಗೆ 28,000 ಕಿ.ಮೀ. ವೇಗದಿಂದ ಸಾಗುತ್ತಾ ಒಂದೂವರೆ ಗಂಟೆಗೊಮ್ಮೆ ಭೂಮಂಡಲವನ್ನು ಪ್ರದಕ್ಷಿಣೆ ಹಾಕುತ್ತದೆ.

ಅದು ನಡುದಾರಿಯಲ್ಲಿ ಮಾಯವಾಗುವ ಪರಿಯಲ್ಲೇ ಇಡೀ ಗುಟ್ಟು ಅಡಗಿದೆ. ಉಪಗ್ರಹಕ್ಕೆ ಸ್ವಂತ ಬೆಳಕಿಲ್ಲ. ನಮಗೆ ಕಾಣುವುದು ಅದರ ಮೈಮೇಲೆ ಬಿದ್ದ ಬಿಸಿಲು. ನೆಲದಲ್ಲಿ ಕತ್ತಲು ಕವಿದಿದ್ದರೂ ಆ ಎತ್ತರದಲ್ಲಿ ಸೂರ್ಯ ಇನ್ನೂ ಅಸ್ತಮಿಸಿರುವುದಿಲ್ಲ. ಭೂಮಿಯ ನೆರಳನ್ನು ಹೊಕ್ಕ ಕ್ಷಣ ಚುಕ್ಕಿ ಆರಿಹೋಗುತ್ತದೆ. ಆದ್ದರಿಂದಲೇ ಕೆಳಕಕ್ಷೆಯ ಉಪಗ್ರಹಗಳ ದರ್ಶನಕ್ಕೆ ಮುಸ್ಸಂಜೆಯ ನಂತರದ ಮತ್ತು ಬೆಳಗಿನ ಜಾವದ ಒಂದೆರಡು ಗಂಟೆಗಳೇ ಪ್ರಶಸ್ತ. ಕರ್ನಾಟಕದ ಅಕ್ಷಾಂಶದಲ್ಲಿ ನಟ್ಟಿರುಳಿನಲ್ಲಿ ಅವು ಬರಿಗಣ್ಣಿಗೆ ಬೀಳುವುದಿಲ್ಲ. ಬೆಳಕೊಂದನ್ನು ಕಂಡಾಗ ಗಡಿಯಾರ ನೋಡುವುದೇ ಮೊದಲ ಪರೀಕ್ಷೆ.

ಎರಡನೆಯದು ನಡಿಗೆ. ಕೆಂಪು, ಹಸಿರು ದೀಪ ಮಿಟುಕಿಸುವುದು ವಿಮಾನ. ಕ್ಷಣಾರ್ಧದಲ್ಲಿ ಗೀರಿ ಆರುವುದು ಉಲ್ಕೆ. ಉತ್ತರ-ದಕ್ಷಿಣವಾಗಿ ಸಾಗುವ ಮಂದ ಚುಕ್ಕಿ ಬಹುತೇಕ ಧ್ರುವಕಕ್ಷೆಯ ಉಪಗ್ರಹ. ಲಯಬದ್ಧವಾಗಿ ಹೊಳೆದು ಮಂಕಾಗುತ್ತಾ ಹೋಗುವುದು ಉರುಳಾಡುತ್ತಿರುವ ಹಳೆಯ ರಾಕೆಟ್ ಹಂತವಿರಬಹುದು. ಇತ್ತೀಚೆಗೆ ಎಲ್ಲಕ್ಕಿಂತ ಹೆಚ್ಚು ಬೆರಗು ಹುಟ್ಟಿಸಿರುವುದು ಇಂಟರ್ನೆಟ್ ಸೇವೆಯ ಸ್ಟಾರ್‌ಲಿಂಕ್ ಉಪಗ್ರಹಗಳು. 2019ರ ಮೇ ತಿಂಗಳಲ್ಲಿ ಮೊದಲ 60 ಉಪಗ್ರಹಗಳು ಒಂದರ ಹಿಂದೊಂದು ಸಾಲಾಗಿ ಹೊರಟಾಗ ನೆದರ್‌ಲ್ಯಾಂಡ್ಸ್‌ನಲ್ಲಿ ಹಾರುವ ತಟ್ಟೆ ಕಂಡೆವೆಂಬ ವರದಿಗಳು ಸುರಿದವು. ಉಡಾವಣೆಯಾದ ಕೆಲ ದಿನಗಳ ಮಟ್ಟಿಗಷ್ಟೇ ಈ ಮೆರವಣಿಗೆ. ಬಳಿಕ ಅವು ಮೇಲೇರಿ, ಚದುರಿ, ಮಂಕಾಗುತ್ತವೆ.

ಹಾರುವ ತಟ್ಟೆಗಳ ಕುತೂಹಲ ಉಪಗ್ರಹಗಳಿಗಿಂತ ಹಳೆಯದು. 1947ರ ಜೂನ್ 24ರಂದು ಅಮೆರಿಕದ ಪೈಲಟ್ ಕೆನೆತ್ ಆರ್ನಾಲ್ಡ್, ಮೌಂಟ್ ರೇನಿಯರ್ ಬಳಿ ಹೊಳೆಯುವ ಒಂಬತ್ತು ವಸ್ತುಗಳು ಹಾರಿದ್ದನ್ನು ಕಂಡುದಾಗಿ ಹೇಳಿದ್ದೇ ತಡ, ಜಗತ್ತು ಆಕಾಶದತ್ತ ಕತ್ತೆತ್ತಿತು. ಅಲ್ಲಿನ ವಾಯುಪಡೆ ನಡೆಸಿದ ತನಿಖೆಗಳಿಗೆ ಸಲಹೆಗಾರರಾಗಿದ್ದವರು ಖಗೋಳವಿಜ್ಞಾನಿ ಜೆ. ಅಲೆನ್ ಹೈನೆಕ್. ಸ್ವಾರಸ್ಯವೆಂದರೆ, ಸ್ಮಿತ್‌ಸೋನಿಯನ್ ಖಭೌತ ವೀಕ್ಷಣಾಲಯದಲ್ಲಿ ಕೃತಕ ಉಪಗ್ರಹಗಳ ಜಾಡು ಹಿಡಿಯುವ ಯೋಜನೆಯ ಹೊಣೆ ಹೊತ್ತವರೂ ಅವರೇ! 1957ರ ಅಕ್ಟೋಬರ್ 4ರಂದು ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್ ಮೇಲೇರಿದಾಗ ಜನ ಮನೆಯಿಂದಾಚೆ ಬಂದು ಅದನ್ನು ನೋಡಿ ಪುಳಕಗೊಂಡರು. ವಾಸ್ತವದಲ್ಲಿ ಬಹುಮಂದಿ ಕಂಡದ್ದು ಅದನ್ನು ಹೊತ್ತೊಯ್ದ ರಾಕೆಟ್ಟನ್ನು, 58 ಸೆಂ.ಮೀ. ಗೋಳ ಅಷ್ಟು ಸುಲಭವಾಗಿ ಕಾಣುವಂಥದ್ದಲ್ಲ. ಹೈನೆಕ್ ಹೊಣೆ ಹೊತ್ತಿದ್ದ ಆ ಯೋಜನೆಗೆ ಉಪಗ್ರಹಗಳ ಜಾಡು ಸೆರೆಹಿಡಿಯುತ್ತಿದ್ದ 12 ಬೇಕರ್-ನನ್ ಕ್ಯಾಮೆರಾಗಳಲ್ಲಿ ಒಂದು ನೈನಿತಾಲಕ್ಕೆ ಬಂತು. ಅಲ್ಲಿನ ವೀಕ್ಷಣಾಲಯವನ್ನು ಆಗ ಮುನ್ನಡೆಸುತ್ತಿದ್ದವರು ವೈನು ಬಪ್ಪು. ಮುಂದೆ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯನ್ನು ಕಟ್ಟಿದವರು.

ಬೆಂಗಳೂರಿನ ಕೋರಮಂಗಲದಲ್ಲಿರುವ ಆ ಸಂಸ್ಥೆಯ ಬಾಗಿಲಿಗೆ ಅರ್ಧ ಶತಮಾನದ ಬಳಿಕ ಭಾರತೀಯ ಸೇನೆಯ ಸಮಸ್ಯೆಯೊಂದು ಬಂದು ನಿಂತಿತು. ಲಡಾಖ್ ಗಡಿಯ ಸರೋವರದ ಮೇಲೆ ನಿತ್ಯ ಎರಡು ಬೆಳಕುಗಳು. ಒಂದು ಸಂಜೆ ಆರರ ಸುಮಾರಿಗೆ ತಲೆದೋರಿದರೆ, ಇನ್ನೊಂದು ನಸುಕಿನ ನಾಲ್ಕಕ್ಕೆ. ಚೀನಾದ ಡ್ರೋನ್‌ಗಳೆಂಬ ಶಂಕೆಯಿಂದ ಯೋಧರು 2013ರ ಫೆಬ್ರುವರಿ ಹೊತ್ತಿಗೆ 329 ಬಾರಿ ಅವುಗಳನ್ನು ದಾಖಲಿಸಿದ್ದರು. ಲಡಾಖ್‌ನದೇ ಹಾನ್ಲೆಯ ಎತ್ತರದಲ್ಲಿ ದೂರದರ್ಶಕ ನಡೆಸುವ ಈ ಸಂಸ್ಥೆಯ ವಿಜ್ಞಾನಿಗಳು ಪರಿಶೀಲಿಸಿ ಹೇಳಿದ್ದು: ಸಂಜೆಯದು ಗುರು, ನಸುಕಿನದು ಶುಕ್ರ. ಬೆಳ್ಳಿ ಮೂಡುವ ಹೊತ್ತಿಗೆ ಎದ್ದು ನೇಗಿಲು ಹೂಡುತ್ತಿದ್ದ ನಮ್ಮ ಹಿರಿಯರು ನಕ್ಕಾರು. ಆದರೆ ಸೈನಿಕರನ್ನು ಹಳಿಯುವುದು ತರವಲ್ಲ. ತೆಳುಗಾಳಿಯ ಹಿಮಾಲಯದಲ್ಲಿ ಗ್ರಹಗಳ ಕಾಂತಿ ಬಯಲುಸೀಮೆಯವರ ಊಹೆಗೆ ನಿಲುಕುವಂಥದ್ದಲ್ಲ.

ಈಗ ಆಗಸದ ಜನಸಂದಣಿ ಅಭೂತಪೂರ್ವ. ಕ್ರಿಯಾಶೀಲ ಉಪಗ್ರಹಗಳೇ ಹತ್ತು ಸಾವಿರ ದಾಟಿವೆ. ಅವುಗಳ ಜೊತೆಗೆ ಬೀಳುವ ಅವಶೇಷಗಳೂ ಇವೆ. 2022ರ ಏಪ್ರಿಲ್ 2ರ ಸಂಜೆ ಮಹಾರಾಷ್ಟ್ರದ ಬಾನನ್ನು ಹಲವು ಉರಿಯುವ ತುಣುಕುಗಳು ನಿಧಾನವಾಗಿ ಸೀಳಿಹೋದವು. ಉಲ್ಕಾಪಾತವೆಂದೇ ಹಲವರು ಭಾವಿಸಿದರು. ಚಂದ್ರಪುರ ಜಿಲ್ಲೆಯ ಹಳ್ಳಿಯಲ್ಲಿ ಬಿದ್ದ ದೊಡ್ಡ ಲೋಹದ ಬಳೆ ಚೀನಾದ ರಾಕೆಟ್ ಹಂತದತ್ತ ಬೊಟ್ಟು ಮಾಡಿತು. ಉಲ್ಕೆಗೆ ಅಷ್ಟು ಸಾವಧಾನವಿರುವುದಿಲ್ಲ ಎಂಬುದೇ ಸುಳಿವಾಗಿತ್ತು. ಇಂಥ ವಸ್ತುಗಳ ಚಲನವಲನ ಗಮನಿಸಲೆಂದೇ ಇಸ್ರೊ 2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಶೇಷ ಕೇಂದ್ರವನ್ನು ಉದ್ಘಾಟಿಸಿತು.

ಹಾಗಾದರೆ ಗುರುತು ಸಿಗದ್ದು ಏನೂ ಇಲ್ಲವೇ? ಇದೆ. ಅಮೆರಿಕದ ವಾಯುಪಡೆ 1969ರಲ್ಲಿ ತನಿಖೆ ಮುಗಿಸಿದಾಗ 12,618 ಪ್ರಕರಣಗಳಲ್ಲಿ 701 ಬಗೆಹರಿಯದೆ ಉಳಿದಿದ್ದವು. ನಾಸಾ ನೇಮಿಸಿದ ತಜ್ಞರ ತಂಡ 2023ರ ತನ್ನ ವರದಿಯಲ್ಲಿ ಇಂಥ ದೃಶ್ಯಗಳ ಹಿಂದೆ ಅನ್ಯಗ್ರಹ ಜೀವಿಗಳಿವೆ ಎನ್ನಲು ಪುರಾವೆ ಕಾಣಲಿಲ್ಲ. ದೊಡ್ಡ ಕೊರತೆ ಅಚ್ಚುಕಟ್ಟಾದ ಮಾಹಿತಿಯದ್ದೇ ಎಂದಿತು. ಕಂಡ ಹೊತ್ತು, ದಿಕ್ಕು, ದಿಗಂತದಿಂದ ಎತ್ತರ, ಸಾಗಿದ ಅವಧಿ ಇಷ್ಟನ್ನು ಬರೆದಿಟ್ಟುಕೊಂಡರೆ ಉಪಗ್ರಹಗಳ ಬಹಿರಂಗ ಪಟ್ಟಿಯೊಡನೆ ತಾಳೆ ನೋಡುವುದು ಹೈಸ್ಕೂಲು ಮಕ್ಕಳಿಗೂ ಸಾಧ್ಯ. ಬಾಹ್ಯಾಕಾಶ ನಿಲ್ದಾಣ ನಿಮ್ಮೂರಿನ ಮೇಲೆ ಯಾವ ಸಂಜೆ, ಯಾವ ದಿಕ್ಕಿನಿಂದ ಹಾಯುತ್ತದೆ ಎಂಬುದನ್ನಂತೂ ನಾಸಾ ಮುಂಚಿತವಾಗಿಯೇ, ಉಚಿತವಾಗಿ ತಿಳಿಸುತ್ತದೆ.