ಮೊಟ್ಟೆಯ ಸಿಪ್ಪೆ ಮತ್ತು ಮೂವತ್ತು ಪೈಸೆ

ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿಯುವುದು ದಿನಪತ್ರಿಕೆಯ ಈ ಪುಟದಲ್ಲಿ ಚರ್ಚೆಯಾಗಬೇಕಾದ ವಿಷಯವೇ ಎಂದು ಓದುಗರು ಹುಬ್ಬೇರಿಸಬಹುದು. ಕೆಲವು ತಿಂಗಳ ಹಿಂದಿನವರೆಗೆ ನಾನೂ ಹಾಗೆಯೇ ಭಾವಿಸಿದ್ದೆ. ಕೊಪ್ಪಳ ಜಿಲ್ಲೆಯ ನನ್ನ ಹುಟ್ಟೂರಿನ ಸರ್ಕಾರಿ ಶಾಲೆಗೆ ಹೋಗಿ, ಅಲ್ಲಿನ ಬಿಸಿಯೂಟದ ಅಡುಗೆಕೋಣೆಯಲ್ಲಿ ಅರ್ಧ ದಿನ ಕಳೆದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು.

ಹಿನ್ನೆಲೆ ಬಹುತೇಕ ಎಲ್ಲರಿಗೂ ತಿಳಿದದ್ದೇ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಹಾಗೂ ವಿಜಯಪುರದಲ್ಲಿ ಶಾಲಾ ಮಕ್ಕಳಿಗೆ ಮೊಟ್ಟೆ ನೀಡುವ ಕಾರ್ಯಕ್ರಮ ಆರಂಭವಾಯಿತು. ಮೊಟ್ಟೆ ಬೇಕೇ ಬೇಡವೇ ಎಂಬ ವಾಗ್ವಾದ ಆಗ ಜೋರಾಗಿಯೇ ನಡೆಯಿತು. ಮರುವರ್ಷ ಅದು ಇಡೀ ರಾಜ್ಯಕ್ಕೆ ವಿಸ್ತರಿಸಿತು. 2024ರ ಸೆಪ್ಟೆಂಬರ್‌ನಲ್ಲಿ, ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ, ವಾರಕ್ಕೆ ಎರಡು ದಿನ ಸಿಗುತ್ತಿದ್ದ ಮೊಟ್ಟೆ ಆರು ದಿನಕ್ಕೆ ಏರಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣಿನಂಥ ಪರ್ಯಾಯವೂ ಇದೆ. ಬಡ ಮನೆಯ ಮಗುವಿಗೆ ದಿನವೂ ಸುಮಾರು ಆರು ಗ್ರಾಂ ಉತ್ತಮ ಪ್ರೋಟೀನು ದೊರೆಯುವುದು ಸಣ್ಣ ಸಾಧನೆಯಲ್ಲ. ಅದರ ಬಗ್ಗೆ ನನ್ನದು ಎರಡು ಮಾತಿಲ್ಲ.

ನನ್ನ ಪ್ರಶ್ನೆ ಬೇರೆ. ಆ ಸಂದರ್ಭದಲ್ಲಿ ಒಂದು ಮೊಟ್ಟೆಗೆ ನಿಗದಿಯಾಗಿದ್ದ ವೆಚ್ಚ 6 ರೂಪಾಯಿ. ಖರೀದಿ ಮತ್ತು ಇಂಧನದ ಬಾಬ್ತು ಕಳೆದರೆ, ಸಿಪ್ಪೆ ಸುಲಿಯುವವರಿಗೆಂದು ಅದರಲ್ಲಿ ಉಳಿದದ್ದು 30 ಪೈಸೆ. ಅರ್ಥಶಾಸ್ತ್ರ ಓದಿದವನಿಗೆ ಇದನ್ನು ಕಂಡು ಮೊದಲು ಸಂತೋಷವೇ ಆಗಬೇಕು. ಹೆಂಗಸರ ಅಡುಗೆಮನೆಯ ದುಡಿಮೆಗೆ ಸರ್ಕಾರದ ಲೆಕ್ಕದಲ್ಲಿ ಒಂದು ಸಾಲು ಸಿಗುವುದೇ ಅಪರೂಪ. ಆದರೆ ಆ ಮೂವತ್ತು ಪೈಸೆಗೆ ಎಷ್ಟು ಹೊತ್ತಿನ ದುಡಿಮೆ ಸಲ್ಲುತ್ತದೆ ಎಂಬುದನ್ನು ತಿಳಿಯಲು ಕುರ್ಚಿಯಿಂದ ಎದ್ದು ನೆಲದ ಮೇಲೆ ಕೂರಬೇಕಾಯಿತು.

ಆ ದಿನ ಬೇಯಬೇಕಾಗಿದ್ದದ್ದು ಸುಮಾರು 200 ಮೊಟ್ಟೆಗಳು. ಮೂವತ್ತರ ಟ್ರೇ ಲೆಕ್ಕದಲ್ಲಿ ಏಳು ಟ್ರೇ. ನಾನು ತಿಳಿದವನಂತೆ, ಮೊಟ್ಟೆಗಳನ್ನು ತಣ್ಣೀರಿನಲ್ಲಿಟ್ಟು ಒಲೆ ಹಚ್ಚಬಹುದಲ್ಲ ಎಂದೆ. ಹಿರಿಯ ಅಡುಗೆಯಾಕೆ ನಕ್ಕರು. ‘ತಣ್ಣೀರಾಗ ಇಟ್ಟು ಕುದಿಸಿದ್ರ ಸಿಪ್ಪಿ ಬಿಡಂಗಿಲ್ರಿ ಸಾಹೇಬ್ರ. ನೀರು ಕುದಿ ಬಂದ ಮ್ಯಾಲೆ ತತ್ತಿ ಬಿಡಬೇಕ್ರಿ’ ಎಂದರು.

ಆಕೆಯ ಮಾತು ಶಾಸ್ತ್ರಸಮ್ಮತ. ಮೊಟ್ಟೆ ನಿಧಾನವಾಗಿ ಬಿಸಿಯಾದರೆ ಅದರ ಬಿಳಿಭಾಗ ಒಳಗಿನ ತೆಳುಪೊರೆಗೆ ಅಂಟಿಕೊಂಡು ಗಟ್ಟಿಯಾಗುತ್ತದೆ. ಕುದಿನೀರಿಗೆ ಬಿದ್ದಾಗ ಹೊರಪದರ ಥಟ್ಟನೆ ಗಟ್ಟಿಯಾಗುವುದರಿಂದ ಅಂಟು ಕಡಿಮೆ. ಮೊಟ್ಟೆಯ ವಯಸ್ಸೂ ಮುಖ್ಯ. ಕೋಳಿ ಆಗಷ್ಟೇ ಇಟ್ಟ ಮೊಟ್ಟೆಯನ್ನು ಬೇಯಿಸಿದರೆ ಸುಲಿಯಲು ಬಲು ಕಷ್ಟ. ಚಿಪ್ಪಿನಲ್ಲಿರುವ ಸಾವಿರಾರು ಸೂಕ್ಷ್ಮ ರಂಧ್ರಗಳ ಮೂಲಕ ದಿನ ಕಳೆದಂತೆ ಇಂಗಾಲದ ಡೈಆಕ್ಸೈಡ್ ಹೊರಹೋಗಿ, ಬಿಳಿಭಾಗದ ಕ್ಷಾರಗುಣ ಹೆಚ್ಚುತ್ತದೆ. ಪೊರೆಯ ಹಿಡಿತ ಸಡಿಲವಾಗುತ್ತದೆ. ಆದ್ದರಿಂದ ಬೇಯಿಸಲು ಒಂದು ವಾರದ ಮೊಟ್ಟೆಯೇ ಮೇಲು. ಅನುಮಾನವಿದ್ದರೆ ನೀರಿನಲ್ಲಿ ಬಿಟ್ಟು ನೋಡಬೇಕು. ತಾಜಾ ಮೊಟ್ಟೆ ತಳದಲ್ಲಿ ಮಲಗುತ್ತದೆ, ಹಳೆಯದು ನೆಟ್ಟಗೆ ನಿಲ್ಲುತ್ತದೆ, ತೇಲಿದ್ದನ್ನು ಮಕ್ಕಳಿಗೆ ಕೊಡದಿರುವುದೇ ಕ್ಷೇಮ.

ಮನೆಯ ಪಾತ್ರೆಯಲ್ಲಿ ಹನ್ನೆರಡು ನಿಮಿಷ ಕುದಿಸಿದರೆ ಹಳದಿಭಾಗ ಪೂರ್ತಿ ಗಟ್ಟಿಯಾಗುತ್ತದೆ. ನೂರಾರು ಮೊಟ್ಟೆ ಬಿದ್ದ ಹಂಡೆಯಲ್ಲಿ ನೀರಿನ ಕುದಿ ಇಳಿದುಹೋಗುವುದರಿಂದ ಹೆಚ್ಚು ಹೊತ್ತು ಬೇಕು. ಆ ಶಾಲೆಯಲ್ಲಿ ಮೂರು ಕಂತುಗಳಲ್ಲಿ ಬೇಯಿಸಿದರು. ಅತಿಯಾಗಿ ಬೆಂದರೆ ಹಳದಿಯ ಸುತ್ತ ಹಸಿರು ಬಳೆಯೊಂದು ಮೂಡುತ್ತದೆ. ಅದು ಹಳದಿಭಾಗದ ಕಬ್ಬಿಣವೂ ಬಿಳಿಭಾಗದ ಗಂಧಕವೂ ಸೇರಿ ಆದದ್ದು, ಅಪಾಯಕಾರಿಯಲ್ಲ. ಆದರೆ ಅದನ್ನು ಕಂಡು ಮೊಟ್ಟೆ ಕೆಟ್ಟಿದೆ ಎಂದು ಬಿಸಾಡುವ ಮಕ್ಕಳುಂಟು.

ಬೆಂದೊಡನೆ ತಣ್ಣೀರಿಗೆ ಹಾಕಬೇಕೆಂಬುದು ಮುಂದಿನ ನಿಯಮ. ನಮ್ಮ ಸೀಮೆಯ ಬೇಸಿಗೆಯಲ್ಲಿ ತಣ್ಣೀರು ಎಲ್ಲಿಂದ ತರುವುದು? ಚಾವಣಿಯ ಟ್ಯಾಂಕಿನ ನೀರು ಹನ್ನೊಂದು ಗಂಟೆಗೇ ಬೆಚ್ಚಗಾಗಿರುತ್ತದೆ. ಆ ಹೆಂಗಸರು ಹಿಂದಿನ ಸಂಜೆಯೇ ಎರಡು ಮಣ್ಣಿನ ಹರವಿಗಳಲ್ಲಿ ನೀರು ತುಂಬಿಟ್ಟಿದ್ದರು. ಈ ಮುಂದಾಲೋಚನೆಯನ್ನು ಅವರಿಗೆ ಯಾವ ಸುತ್ತೋಲೆಯೂ ಹೇಳಿಕೊಟ್ಟಿರಲಿಲ್ಲ.

ನಂತರ ನಾನೂ ಸುಲಿಯಲು ಕುಳಿತೆ. ಮೊದಲ ಮೊಟ್ಟೆಗೆ ಎರಡು ನಿಮಿಷ ಹಿಡಿಯಿತು, ಬಿಳಿಭಾಗ ಅರ್ಧ ಸಿಪ್ಪೆಯ ಜೊತೆಗೇ ಹೋಯಿತು. ಅಗಲವಾದ ತುದಿಯಲ್ಲಿ ಗಾಳಿಯ ಪೊಳ್ಳಿರುತ್ತದೆ, ಅಲ್ಲಿಂದ ಆರಂಭಿಸಿ ಪೊರೆಯ ಸಮೇತ ಎಬ್ಬಿಸಬೇಕು ಎಂದು ಆಕೆ ತೋರಿಸಿಕೊಟ್ಟರು. ಆಕೆಯ ಕೈಯಲ್ಲಿ ಒಂದು ಮೊಟ್ಟೆಗೆ ಇಪ್ಪತ್ತು ಸೆಕೆಂಡು ಸಾಕಾಗುತ್ತಿತ್ತು.

ಈಗ ಲೆಕ್ಕ ನೋಡೋಣ. ಇಪ್ಪತ್ತು ಸೆಕೆಂಡಿನಂತೆ 200 ಮೊಟ್ಟೆಗೆ 67 ನಿಮಿಷ. ಮೂವತ್ತು ಪೈಸೆಯಂತೆ ಕೂಲಿ 60 ರೂಪಾಯಿ. ಗಂಟೆಗೆ 54 ರೂಪಾಯಿ ಬಿದ್ದಂತಾಯಿತು. ಮೊಟ್ಟೆ ತೀರಾ ತಾಜಾ ಆಗಿದ್ದು, ತಣಿಸಲು ನೀರೂ ಇಲ್ಲದೆ, ಒಂದೊಂದಕ್ಕೆ ಒಂದು ನಿಮಿಷ ಹಿಡಿದರೆ? ಅದೇ 60 ರೂಪಾಯಿಗೆ ಮೂರು ಗಂಟೆ ಇಪ್ಪತ್ತು ನಿಮಿಷದ ದುಡಿಮೆ. ಗಂಟೆಗೆ 18 ರೂಪಾಯಿ. ಅನ್ನ, ಸಾಂಬಾರಿನ ಕೆಲಸ ಇದರ ಹೊರಗೆ. ಈ ತಾಯಂದಿರ ತಿಂಗಳ ಪಾವತಿಗೆ ಸರ್ಕಾರದ ಭಾಷೆಯಲ್ಲಿ ಸಂಬಳ ಎಂಬ ಹೆಸರೂ ಇಲ್ಲ, ಅದು ‘ಗೌರವಧನ’.

ಹೊತ್ತು ಸಾಲದಿದ್ದಾಗ ಏನಾಗುತ್ತದೆ? ಕೆಲಸ ಮುಂಜಾನೆಗೆ ಸರಿಯುತ್ತದೆ. ಒಂಬತ್ತಕ್ಕೇ ಬೇಯಿಸಿ, ಹತ್ತಕ್ಕೆ ಸುಲಿದು, ಮಧ್ಯಾಹ್ನದವರೆಗೆ ಪಾತ್ರೆಯಲ್ಲಿಡಬೇಕಾಗುತ್ತದೆ. ಅಪಾಯ ಇರುವುದು ಇಲ್ಲಿಯೇ. ಬೆಂದ ಮೊಟ್ಟೆ ಹಸಿ ಮೊಟ್ಟೆಗಿಂತ ಬೇಗ ಕೆಡುತ್ತದೆ ಎಂಬುದು ಹಲವರಿಗೆ ತಿಳಿಯದು. ಚಿಪ್ಪಿನ ಮೇಲಿನ ರಕ್ಷಕ ಲೇಪ ಬೇಯುವಾಗ ತೊಳೆದುಹೋಗಿ ರಂಧ್ರಗಳು ತೆರೆದುಕೊಳ್ಳುತ್ತವೆ. ಸುಲಿದ ಮೇಲಂತೂ ಯಾವ ಕಾವಲೂ ಇಲ್ಲ. ಹೊರಗಿನ ಉಷ್ಣಾಂಶದಲ್ಲಿ ಎರಡು ಗಂಟೆ, 32 ಡಿಗ್ರಿ ಸೆಲ್ಸಿಯಸ್ ಮೀರಿದ ಸೆಕೆಯಲ್ಲಿ ಒಂದೇ ಗಂಟೆ ಎಂಬುದು ಆಹಾರ ಸುರಕ್ಷತೆಯ ಸಾಮಾನ್ಯ ಮಿತಿ. ಮನೆಯಲ್ಲಿ ಫ್ರಿಜ್ ಇದ್ದವರು ಬೆಂದ ಮೊಟ್ಟೆಯನ್ನು ಸಿಪ್ಪೆಯ ಸಮೇತ, ಮೇಲೆ ಪೆನ್ಸಿಲಿನಲ್ಲಿ ದಿನಾಂಕ ಬರೆದು, ಒಂದು ವಾರ ಇಡಬಹುದು; ಸುಲಿದದ್ದನ್ನು ಮುಚ್ಚಿಟ್ಟು ಅಂದೇ ತಿನ್ನುವುದು ಲೇಸು. ನಾನು ಕಂಡ ಆ ಅಡುಗೆಕೋಣೆಯಲ್ಲಿ ಫ್ರಿಜ್ ಇರಲಿಲ್ಲ.

ಹಾಗಾದರೆ ಸಿಪ್ಪೆಯ ಸಮೇತ ಬಡಿಸಿ, ಮಕ್ಕಳೇ ಸುಲಿದುಕೊಳ್ಳಲಿ ಎನ್ನಬಹುದಲ್ಲ? ನಾನೂ ಕೇಳಿದೆ. ‘ಸಿಪ್ಪಿ ಇದ್ರ ಮನೀಗೆ ಒಯ್ತಾವ್ರಿ, ತಮ್ಮಗ ಅಂತ’ ಎಂದರು ಆಕೆ. ಸುಲಿದು ಕೊಟ್ಟರೂ ಒಯ್ಯುವವರಿದ್ದಾರೆ ಎಂಬುದನ್ನು ಅದೇ ಮಧ್ಯಾಹ್ನ ಕಂಡೆ. ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಮೊಟ್ಟೆಯನ್ನು ನೋಟ್‌ಬುಕ್ಕಿನ ಹಾಳೆಯಲ್ಲಿ ಸುತ್ತಿ ಚೀಲದೊಳಗೆ ಇಳಿಸುತ್ತಿದ್ದಳು. ಶಾಲೆ ಬಿಡುವುದು ಸಂಜೆ. ಅಡುಗೆಯಾಕೆ ಗದರಲಿಲ್ಲ. ಪಕ್ಕದಲ್ಲಿ ಕುಳಿತು, ‘ಇದನ್ನ ನೀ ತಿನ್ನವ್ವ, ಹೊತ್ತಾದ್ರ ತಮ್ಮನ ಹೊಟ್ಟಿ ಕೆಡತೈತಿ’ ಎಂದು ತಿನ್ನಿಸಿಯೇ ಎದ್ದರು. ಆ ಕೆಲಸಕ್ಕೆ ಆರು ರೂಪಾಯಿಯ ಲೆಕ್ಕದಲ್ಲಿ ಯಾವ ಬಾಬ್ತೂ ಇಲ್ಲ.

ಇದನ್ನು ಬರೆಯುವಾಗ ನನ್ನ ಹಳೆಯ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಸೇವೆಯಲ್ಲಿದ್ದಾಗ ಪೌಷ್ಟಿಕ ಆಹಾರದ ಪ್ರಸ್ತಾವವೊಂದು ನನ್ನ ಮೇಜಿಗೆ ಬಂದಿತ್ತು. ಮೊಟ್ಟೆ ಬೇಯಿಸಿ ಸುಲಿಯಲು ಹೆಚ್ಚುವರಿ ಸಹಾಯಕರು ಬೇಕೆಂಬ ಕೋರಿಕೆ ಅದರಲ್ಲಿತ್ತು. ‘ಸದರಿ ಕಾರ್ಯವು ಅಡುಗೆಯ ಭಾಗವೇ ಆಗಿರುವುದರಿಂದ ಪ್ರತ್ಯೇಕ ಪರಿಗಣನೆ ಅನಗತ್ಯ’ ಎಂದು ಷರಾ ಬರೆದವನು ನಾನೇ. ಅಲ್ಲಿಯವರೆಗೆ ನಾನು ಒಂದು ಮೊಟ್ಟೆಯನ್ನೂ ಸುಲಿದವನಲ್ಲ.

ಮಾಡಬೇಕಾದದ್ದು ಅಸಾಧ್ಯವೇನಲ್ಲ. ಮೊಟ್ಟೆಯನ್ನು ವಾರಕ್ಕೊಮ್ಮೆ ಖರೀದಿಸಿ, ತೊಳೆಯದೆ ನೆರಳಿನಲ್ಲಿಟ್ಟು, ಬೇಯಿಸುವ ಮುನ್ನವಷ್ಟೇ ತೊಳೆಯಲಿ. ಊಟಕ್ಕೆ ಒಂದು ಗಂಟೆ ಮುಂಚಿತವಾಗಿ ಸುಲಿಯುವಷ್ಟು ಕೈಗಳು ಅಡುಗೆಕೋಣೆಯಲ್ಲಿರಲಿ. ತಣ್ಣೀರಿಗೆ ಹರವಿ, ಮುಚ್ಚಳವಿರುವ ಸ್ಟೀಲ್ ಪಾತ್ರೆ ಒದಗಿಸಲಿ. ಖರೀದಿ ದರ ಚಳಿಗಾಲದಲ್ಲಿ ಏರುವುದು ಪ್ರತಿವರ್ಷದ ಅನುಭವ. ಆ ಏರಿಕೆಯನ್ನು ಮುಖ್ಯಶಿಕ್ಷಕರ ಜೇಬಿಗಾಗಲಿ, ಅಡುಗೆಯವರ ಕೂಲಿಗಾಗಲಿ ದಾಟಿಸದ ಸೂತ್ರವೊಂದು ಬೇಕು. ಸುಲಿಯುವ ಕೂಲಿಯನ್ನು ಮೊಟ್ಟೆಯ ಎಣಿಕೆಯಿಂದಲ್ಲದೆ, ಹಿಡಿಯುವ ಸಮಯದಿಂದ ನಿರ್ಧರಿಸಲಿ.

ದರ ನಿಗದಿಪಡಿಸುವ ಸಮಿತಿಯ ಸದಸ್ಯರು ಮುಂದಿನ ಸಭೆಗೆ ಮೊದಲು ಯಾವುದಾದರೊಂದು ಶಾಲೆಯಲ್ಲಿ ಒಂದು ಟ್ರೇ, ಅಂದರೆ ಮೂವತ್ತೇ ಮೂವತ್ತು ಮೊಟ್ಟೆಗಳನ್ನು ತಾವೇ ಸುಲಿಯಲಿ ಎಂಬುದು ನನ್ನ ವಿನಂತಿ. ಅದಕ್ಕೆ ಸಲ್ಲುವ ಕೂಲಿ ಒಂಬತ್ತು ರೂಪಾಯಿ. ಅದನ್ನೂ ಪಡೆದು ಬರಲಿ.