ಹಬ್ಬದ ಕೆಲಸದಲ್ಲಿ ಮಕ್ಕಳಿಗೂ ಒಂದು ಪಾಲು



ಮುಂಗಾರಿನ ರಾಶಿ ಮನೆ ಸೇರಿ, ಹಿಂಗಾರಿಯ ಕೂರಿಗೆ ಹೊರಗೆ ಬರುವ ಹೊತ್ತಿಗೆ ನಮ್ಮ ಎರೆಸೀಮೆಯ ಊರುಗಳಲ್ಲಿ ಹಬ್ಬಗಳ ಸಾಲು ಆರಂಭವಾಗುತ್ತದೆ. ಮೊದಲು ಮಹಾನವಮಿ, ಹಿಂದೆಯೇ ದೀಪಾವಳಿ, ಚಳಿ ಬಲಿತ ಮೇಲೆ ಎಳ್ಳಮಾವಾಸ್ಯೆ, ಕೊನೆಗೆ ಸಂಕ್ರಾಂತಿ. ಇವುಗಳಲ್ಲಿ ಹೊಲಕ್ಕೆ ಸಂಬಂಧಪಡದ ಹಬ್ಬ ಯಾವುದಿದೆ, ನೀವೇ ಹೇಳಿರಿ. ಬೀಜಕ್ಕೊಂದು, ದನಕ್ಕೊಂದು, ನಿಂತ ಬೆಳೆಗೊಂದು, ಬಂದ ಸುಗ್ಗಿಗೊಂದು ಎಂದು ನಮ್ಮ ಹಿರಿಯರು ಒಕ್ಕಲುತನದ ಪಂಚಾಂಗವನ್ನೇ ಹಬ್ಬದಲ್ಲಿ ಕಟ್ಟಿಟ್ಟಿದ್ದಾರೆ.

ಆದರೆ ಈ ಹಬ್ಬಗಳಲ್ಲಿ ಚಿಕ್ಕಮಕ್ಕಳ ಪಾಲಿಗೆ ಬರುವುದೇನು? ಹೊಸ ಅಂಗಿ, ಹೋಳಿಗೆ, ಪಟಾಕಿ. ಮಿಕ್ಕ ಹೊತ್ತೆಲ್ಲ “ಅಡ್ಡ ಬರಬ್ಯಾಡ, ಅತ್ತಾಗ ಸರಿ” ಎಂಬ ಗದರಿಕೆ; ಇಲ್ಲವೆ ಸುಮ್ಮನಿರಲೆಂದು ಕೈಗೊಂದು ಮೊಬೈಲು. ಹೀಗಾದರೆ ಎರಡು ಕೇಡು. ಒಂದು, ಮಗು ಹಬ್ಬವನ್ನು ನೋಡುತ್ತದೆಯೇ ಹೊರತು ಅದರ ಹಿಂದಿನ ಒಕ್ಕಲುತನವನ್ನು ಕಲಿಯುವುದಿಲ್ಲ. ಇನ್ನೊಂದು, ಕೆಲಸವಿಲ್ಲದ ಮಗು ಹಿರಿಯರ ಕಣ್ಣು ತಪ್ಪಿಸಿ ಬೆಂಕಿಯ ಕಡೆಗೋ ನೀರಿನ ಕಡೆಗೋ ಹೋಗುತ್ತದೆ. ಆದುದರಿಂದ ಪ್ರತಿ ಹಬ್ಬಕ್ಕೂ ಮಗುವಿಗೆ ಒಂದು ಕೆಲಸ ಕೊಡಿರಿ. ಆ ಹಬ್ಬದಲ್ಲಿ ಅಡಗಿರುವ ಅಪಾಯವನ್ನು ಮೊದಲೇ ದೂರಮಾಡಿರಿ. ಅದು ಹೇಗೆಂಬುದನ್ನು ಒಂದೊಂದಾಗಿ ನೋಡೋಣ.

ಮಹಾನವಮಿ: ಘಟದ ಮೊಳಕೆ, ಬೀಜದ ಪರೀಕ್ಷೆ

ಆಶ್ವೀಜ ಶುದ್ಧ ಪಾಡ್ಯದ ದಿನ ಅನೇಕ ಮನೆಗಳಲ್ಲಿ ಘಟ ಹಾಕುತ್ತಾರೆ. ಹೊಲದ ಮಣ್ಣು ತಂದು, ಅದರಲ್ಲಿ ಜೋಳ, ಗೋದಿ, ಕಡಲೆ ಮುಂತಾದ ಕಾಳು ಬೆರೆಸಿ, ನಡುವೆ ನೀರಿನ ಕೊಡವಿಟ್ಟು ಪೂಜಿಸುತ್ತಾರೆ. ಒಂಬತ್ತು ದಿನಗಳಲ್ಲಿ ಸಸಿ ಎದ್ದು ನಿಲ್ಲುತ್ತದೆ. ಇದು ದೇವರ ಪೂಜೆಯೂ ಹೌದು, ಬೀಜದ ಪರೀಕ್ಷೆಯೂ ಹೌದು. ಹಿಂಗಾರಿ ಜೋಳ, ಕಡಲೆ ಬಿತ್ತುವ ಕಾಲದಲ್ಲೇ ಈ ಹಬ್ಬ ಬರುತ್ತದೆಂಬುದನ್ನು ಗಮನಿಸಿರಿ.

ಘಟ ಹಾಕುವ ದಿನವೇ ಮಗುವಿಗೆ ಈ ಕೆಲಸ ಕೊಡಿರಿ. ಬಿತ್ತಲು ಇಟ್ಟ ಚೀಲದ ಮೇಲಿನಿಂದ, ನಡುವಿನಿಂದ, ತಳದಿಂದ ಒಂದೊಂದು ಹಿಡಿ ಕಾಳು ತೆಗೆದು ಕಲಸಿರಿ. ಅದರಲ್ಲಿ 100 ಕಾಳುಗಳನ್ನು ಆರಿಸದೆ, ಕೈಗೆ ಬಂದ ಹಾಗೆ, ಮಗು ಎಣಿಸಲಿ. ಹತ್ತು ಹತ್ತರ ಗುಂಪು ಮಾಡಿದರೆ ನಾಲ್ಕೈದು ವರ್ಷದ ಮಗುವೂ ಎಣಿಸಬಲ್ಲುದು. ಹಸಿಬಟ್ಟೆಯ ಮೇಲೆ ಸಾಲಾಗಿ ಹರಡಿ, ಸಡಿಲವಾಗಿ ಸುತ್ತಿ, ನೆರಳಿನಲ್ಲಿಡಿರಿ. ಬಟ್ಟೆ ಆರದಂತೆ ದಿನವೂ ನೀರು ಚಿಮುಕಿಸುವುದು ಮಗುವಿನ ಪಾಲಿನ ಸೇವೆ. ಐದನೆಯ ದಿನ ಒಮ್ಮೆ, ಎಂಟನೆಯ ದಿನ ಒಮ್ಮೆ ಬಿಚ್ಚಿ, ಚೆನ್ನಾಗಿ ಮೊಳೆತವನ್ನು ಎಣಿಸಿರಿ. ಪ್ರಮಾಣಿತ ಬೀಜವಾದರೆ ಜೋಳದಲ್ಲಿ ನೂರಕ್ಕೆ ಕನಿಷ್ಠ 75, ಕಡಲೆ ಮತ್ತು ಗೋದಿಯಲ್ಲಿ ಕನಿಷ್ಠ 85 ಮೊಳೆಯಬೇಕೆಂಬ ನಿಯಮವಿದೆ. ಮನೆಯ ಬೀಜವನ್ನೂ ಅದೇ ಅಳತೆಗೆ ಹಿಡಿದು ನೋಡಬಹುದು.

ಕಳೆದ ವರ್ಷ ಒಂದು ಮನೆಯಲ್ಲಿ ಆರು ವರ್ಷದ ಹುಡುಗಿಯಿಂದ ಈ ಲೆಕ್ಕ ಮಾಡಿಸಿದೆವು. ಎಂಟನೆಯ ದಿನ ಬಟ್ಟೆ ಬಿಚ್ಚಿ, ಎರಡು ಸಲ ಎಣಿಸಿ, “ಯಪ್ಪಾ, ನೂರರಾಗ ಅರವತ್ತೊಂದ ಎದ್ದಾವ” ಎಂದಳು. ತಂದೆಗೆ ನಂಬಿಕೆ ಬರಲಿಲ್ಲ. ತಾನೇ ಕುಳಿತು ಎಣಿಸಿದ, ಅರವತ್ತೊಂದೇ. ಚೀಲ ಸುರುವಿ ನೋಡಿದರೆ ತಳದಲ್ಲಿ ತೇವ ಹಿಡಿದು ನುಸಿ ಬಿದ್ದಿತ್ತು. ಎಕರೆಗೆ 3 ಕಿಲೋ ಬಿತ್ತುತ್ತೇನೆಂದು ತಿಳಿದಿದ್ದ ಆತ, ನಿಜವಾಗಿ ಎರಡು ಕಿಲೋಕ್ಕಿಂತ ಕಡಿಮೆ ಜೀವವುಳ್ಳ ಬೀಜ ಬಿತ್ತುವವನಿದ್ದ. ಬೇರೆ ಬೀಜ ತಂದು ಬಿತ್ತಿದ. ಹದ ತಪ್ಪಿದ ಮೇಲೆ ಎರೆಭೂಮಿಯಲ್ಲಿ ಮರುಬಿತ್ತನೆ ಎಷ್ಟು ಕಷ್ಟವೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ. “ಬೆಳೆಯುವ ಸಿರಿ ಮೊಳಕೆಯಲ್ಲಿ” ಎಂಬ ಗಾದೆ ಆ ದಿನ ಬೀಜಕ್ಕೂ ಸಂದಿತು, ಮಗುವಿಗೂ ಸಂದಿತು.

ಎಚ್ಚರ: ಅಂಗಡಿಯಿಂದ ತಂದ ಬೀಜೋಪಚಾರವಾದ ಬೀಜಕ್ಕೆ ಕೆಂಪು, ನೀಲಿ ಮುಂತಾದ ಬಣ್ಣ ಹಚ್ಚಿರುತ್ತದೆ. ಅದು ವಿಷ. ಎಳೆಯ ಮಗುವಿನ ಕಣ್ಣಿಗೆ ಅದು ಮಿಠಾಯಿಯಂತೆಯೇ ಕಾಣುತ್ತದೆ. ಅಂಥ ಬೀಜವನ್ನು ಘಟಕ್ಕೆ ಹಾಕಕೂಡದು, ಮಗುವಿನ ಕೈಗೆ ಕೊಡಕೂಡದು, ಕೈಗೆಟುಕುವಲ್ಲಿ ಇಡಲೂಕೂಡದು.

ದೀಪಾವಳಿ: ಹಟ್ಟಿಯ ಪಾಂಡವರು, ಮನೆಯ ದೀಪ

ಬಲಿಪಾಡ್ಯಮಿಯ ಬೆಳಿಗ್ಗೆ ಸೆಗಣಿಯಿಂದ ಪಾಂಡವರನ್ನು ಮಾಡಿ, ಚೆಂಡುಹೂವು, ಉತ್ತರಾಣಿ ಕಡ್ಡಿ ಸಿಕ್ಕಿಸಿ ಪೂಜಿಸುವ ಪದ್ಧತಿ ನಮ್ಮಲ್ಲಿದೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಆಟ ಯಾವುದು? ಪಾಂಡವರನ್ನು ಅವರೇ ಮಾಡಲಿ. ಸೊಟ್ಟಗಾದರೆ ಆಗಲಿ, ಹಿರಿಯರು ಕೈಹಾಕಿ ತಿದ್ದಬೇಡಿರಿ. ಮಾಡುತ್ತಿರುವಾಗಲೇ ಸೆಗಣಿ ತಿಪ್ಪೆಗೆ ಹೋಗಿ ಗೊಬ್ಬರವಾಗುವುದನ್ನೂ, ಗೊಬ್ಬರ ಹೊಲಕ್ಕೆ ಹೋಗಿ ಜೋಳವಾಗುವುದನ್ನೂ ಅಜ್ಜಿ ಹೇಳಲಿ. ಕೈಯಲ್ಲಿ ಗಾಯವಿದ್ದ ಮಗುವಿಗೆ ಹೂವು ಸಿಕ್ಕಿಸುವ ಕೆಲಸ ಮಾತ್ರ ಕೊಡಿರಿ. ಕೆಲಸ ಮುಗಿದ ಕೂಡಲೆ ಎಲ್ಲರೂ ಸಾಬೂನಿನಿಂದ ಕೈ ತೊಳೆಯಬೇಕು.

ಇನ್ನು ಪಟಾಕಿಯ ಮಾತು. ದೀಪಾವಳಿಯಲ್ಲಿ ರಾತ್ರಿ 8ರಿಂದ 10ರವರೆಗೆ ಮಾತ್ರ, ಅದೂ ಹೊಗೆ ಕಡಿಮೆಯಿರುವ ಹಸಿರು ಪಟಾಕಿಯನ್ನು ಮಾತ್ರ ಸುಡಬೇಕೆಂದು ಸುಪ್ರೀಂ ಕೋರ್ಟು 2018ರ ಅಕ್ಟೋಬರಿನಲ್ಲಿ ಆದೇಶಿಸಿತು. ಆದರೆ ಹಸಿರು ಪಟಾಕಿಯೂ ಬೆಂಕಿಯೇ. ‘ಸುರುಸುರುಬತ್ತಿ ಏನೂ ಮಾಡದು’ ಎಂದು ಮೂರು ವರ್ಷದ ಮಗುವಿನ ಕೈಗೆ ಕೊಡುವವರಿದ್ದಾರೆ. ಅದರ ತಂತಿಯ ಕಾವು ಕುದಿಯುವ ನೀರಿನ ಕಾವಿಗಿಂತ ಎಷ್ಟೋ ಪಾಲು ಹೆಚ್ಚು. ಆರಿದ ಮೇಲೂ ಬಹಳ ಹೊತ್ತು ಸುಡುತ್ತದೆ. ಐದು ವರ್ಷದೊಳಗಿನ ಮಗುವಿಗೆ ಹಣತೆಯ ಸಾಲಿನ ಕೆಲಸವೇ ಸಾಕು. ಬತ್ತಿ ಹಾಕುವುದು, ಹಣತೆ ಜೋಡಿಸುವುದು ಮಗುವಿಗಿರಲಿ, ಹಚ್ಚುವುದು ದೊಡ್ಡವರಿಗಿರಲಿ. ಮಕ್ಕಳಿಗೆ ಜೋಲುವ ನೈಲಾನ್ ಬಟ್ಟೆ ಬೇಡ. ಮೈಗೆ ಒಪ್ಪುವ ಹತ್ತಿ ಬಟ್ಟೆ ತೊಡಿಸಿರಿ. ಬಣವೆಯ ಬಳಿ, ದನದ ಕೊಟ್ಟಿಗೆಯ ಬಳಿ ಪಟಾಕಿ ಹಚ್ಚಕೂಡದು. ಒಂದು ಕಿಡಿಗೆ ವರ್ಷದ ಮೇವು ಬೂದಿಯಾದೀತು. ಎರಡು ಬಕೆಟು ನೀರು ಹತ್ತಿರದಲ್ಲಿಯೇ ಇರಲಿ.

ಸುಟ್ಟರೆ ಏನು ಮಾಡಬೇಕು? ಸುಟ್ಟ ಜಾಗದ ಮೇಲೆ ಕೂಡಲೆ ತಣ್ಣನೆಯ ಶುದ್ಧ ನೀರನ್ನು 20 ನಿಮಿಷ ಹರಿಯಬಿಡಿರಿ. ಅರಿಸಿನ, ಎಣ್ಣೆ, ಮಸಿ, ಟೂತ್‌ಪೇಸ್ಟು, ಮಂಜುಗಡ್ಡೆ, ಯಾವುದನ್ನೂ ಹಚ್ಚಬೇಡಿರಿ. ಗುಳ್ಳೆ ಒಡೆಯಬೇಡಿರಿ. ಶುಭ್ರ ಬಟ್ಟೆ ಹೊದಿಸಿ ಆಸ್ಪತ್ರೆಗೆ ಒಯ್ಯಿರಿ. ಕಣ್ಣಿಗೆ ಕಿಡಿ ಬಿದ್ದರೆ ಉಜ್ಜಲು ಬಿಡದೆ ಒಡನೆ ವೈದ್ಯರಲ್ಲಿಗೆ ಹೋಗಿರಿ.

ಎಳ್ಳಮಾವಾಸ್ಯೆ: ಚರಗದ ದಿನ ಹೊಲವೇ ಶಾಲೆ

ಸಜ್ಜೆ ರೊಟ್ಟಿ, ಕಡುಬು, ಭರ್ತ, ಶೇಂಗಾ ಹೋಳಿಗೆ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಬನ್ನಿಗಿಡದ ಕೆಳಗೆ ಕುಳಿತು ಉಣ್ಣುವ ಸುಖವನ್ನು ಮಕ್ಕಳು ಮರೆಯುವುದಿಲ್ಲ. ಅಂದು ಹೊಲದ ನಾಲ್ಕೂ ಮೂಲೆಗೆ ಮಗುವನ್ನು ನಡೆಸಿರಿ. “ಇದು ನಮ್ಮ ಬದು, ಇಲ್ಲಿಂದ ನೀರು ಹೀಂಗ ಹರಿತೈತಿ” ಎಂದು ತೋರಿಸಿರಿ. ಚರಗದ ಒಂದು ಹಿಡಿಯನ್ನು ಮಗುವೇ ಚೆಲ್ಲಲಿ. ಚೆಲ್ಲಿದ ಅನ್ನಕ್ಕೆ ಬಂದ ಗೊರವಂಕ ಮುಂತಾದ ಹಕ್ಕಿಗಳು ಬೆಳೆಯೊಳಗಿನ ಹುಳುವನ್ನೂ ಹೆಕ್ಕುತ್ತವೆ. ಹಕ್ಕಿ ಕೂಡಲೆಂದು ಅಡ್ಡಕಟ್ಟಿಗೆ ಬಿಗಿದ ಕೋಲುಗಳನ್ನು ಕಡಲೆಯ ಹೊಲದಲ್ಲಿ ಅಲ್ಲಲ್ಲಿ ನೆಡುವಾಗ ಕೋಲು ಎತ್ತಿಕೊಡುವ ಕೆಲಸ ಮಗುವಿಗಿರಲಿ. ಯಾವ ಹಕ್ಕಿ ಎಲ್ಲಿ ಕುಳಿತಿತೆಂದು ಸಂಜೆಯವರೆಗೆ ಕೇಳುತ್ತಿರಿ.

ಇನ್ನು ಮುಂದಿನ ಮಾತನ್ನು ದಯವಿಟ್ಟು ಮನೆಯವರಿಗೆಲ್ಲ ಓದಿ ಹೇಳಿರಿ.

ಎಳ್ಳಮಾವಾಸ್ಯೆಯ ಹೊತ್ತಿಗೆ ತೊಗರಿ, ಕಡಲೆಗೆ ಕಾಯಿಕೊರಕ ಹುಳು ಬಿದ್ದಿರುತ್ತದೆ. ನಾವು ‘ಎಣ್ಣೆ’ ಎಂದು ಕರೆಯುವ ಕ್ರಿಮಿನಾಶಕವನ್ನು ಆಗಲೇ ಹೊಡೆದಿರುತ್ತೇವೆ. ಅದೇ ಹೊಲದಲ್ಲಿ ಮಕ್ಕಳು ಹಸಿ ಕಡಲೆಯ ಸುಲಗಾಯಿ ಕಿತ್ತು ತಿನ್ನುತ್ತಾರೆ. ಕಡಲೆಯ ಎಲೆ ಸವರಿ, ಬೆರಳಿಗಂಟಿದ ಹುಳಿಯನ್ನು ನೆಕ್ಕುತ್ತಾರೆ. ನಾವೂ ಚಿಕ್ಕಂದಿನಲ್ಲಿ ನೆಕ್ಕಿದವರೇ. ಆದರೆ ಆಗಿನ ಹೊಲ ಬೇರೆ, ಈಗಿನ ಹೊಲ ಬೇರೆ. ಎರಡು ದಿನ ಮುಂಚೆ ಎಣ್ಣೆ ಹೊಡೆದ ಹೊಲದಲ್ಲಿ ಸುಲಗಾಯಿ ತಿಂದ ಐದು ವರ್ಷದ ಹುಡುಗನೊಬ್ಬ ಅಂದು ಸಂಜೆಗೆ ಬೆವರಿ, ಜೊಲ್ಲು ಸುರಿಸಿ, ವಾಂತಿ ಮಾಡತೊಡಗಿದ್ದನ್ನು ನಾನು ಕಂಡಿದ್ದೇನೆ. ಬೇಗ ಆಸ್ಪತ್ರೆಗೆ ಒಯ್ದುದರಿಂದ ಉಳಿದ. ಎಣ್ಣೆ ಹೊಡೆದದ್ದು ತಂದೆಗೆ ಗೊತ್ತಿತ್ತು. ಕಾಯಿ ಕಿತ್ತುಕೊಟ್ಟ ಅಜ್ಜಿಗೆ ಗೊತ್ತಿರಲಿಲ್ಲ. ತಪ್ಪಿದ್ದು ಆ ಒಂದು ಮಾತು ಅಷ್ಟೆ.

ಆದುದರಿಂದ ಈ ಕ್ರಮಗಳನ್ನು ಅನುಸರಿಸಿರಿ:

ಒಂದು: ಡಬ್ಬಿಯ ಚೀಟಿಯಲ್ಲಿ, ಕೊನೆಯ ಸಿಂಪಡಣೆಯಿಂದ ಕೊಯ್ಲಿನವರೆಗೆ ಎಷ್ಟು ದಿನ ಕಾಯಬೇಕೆಂದು ಬರೆದಿರುತ್ತದೆ. ಅಷ್ಟು ದಿನ ಕಳೆಯದ ಹೊಲದಲ್ಲಿ ಮಗು ಏನನ್ನೂ ಕಿತ್ತು ತಿನ್ನಬಾರದು. ಅಂಥ ಹೊಲದಲ್ಲಿ ಅಂದು ಊಟವೂ ಬೇಡ. ಚರಗವನ್ನು ಬದುವಿನಲ್ಲಿ ನಿಂತು ಚೆಲ್ಲಿ, ಎಣ್ಣೆ ಹೊಡೆಯದ ಹೊಲದಲ್ಲಿ ಉಣ್ಣಿರಿ.

ಎರಡು: ಮಕ್ಕಳಿಗೆಂದೇ ಒಂದೆರಡು ಸಾಲು ಕಡಲೆಯನ್ನು ಹೊಲದ ಒಂದು ಅಂಚಿನಲ್ಲಿ, ಗಾಳಿಗೆ ಎಣ್ಣೆ ಹಾರಿಬರದಷ್ಟು ದೂರದಲ್ಲಿ, ಸಿಂಪಡಿಸದೆ ಬಿಡಿರಿ. ಅದು ಮಕ್ಕಳ ಸಾಲು. ಹುಳು ಹೆಕ್ಕುವುದೂ ಅಲ್ಲಿಯೇ, ಸುಲಗಾಯಿ ತಿನ್ನುವುದೂ ಅಲ್ಲಿಯೇ.

ಮೂರು: ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ನೋಡಿರಿ. ಕೆಂಪು ಅತಿಘೋರ ವಿಷ. ಹಳದಿ, ನೀಲಿ, ಹಸಿರು ಕ್ರಮವಾಗಿ ಅದಕ್ಕಿಂತ ಕಡಿಮೆ. ಹಸಿರೆಂದರೆ ನಿರಪಾಯವೆಂದು ಅರ್ಥವಲ್ಲ. ಬರಿದಾದ ಡಬ್ಬಿ ಮಕ್ಕಳ ಆಟಕ್ಕೂ ನೀರಿಗೂ ಸಿಗಬಾರದು.

ನಾಲ್ಕು: ವಿಷ ಸೋಕಿದ ಗುರುತು ಕಂಡರೆ ಬಟ್ಟೆ ಕಳಚಿ, ಮೈಯನ್ನು ಸಾಬೂನು ನೀರಿನಿಂದ ತೊಳೆದು, ಡಬ್ಬಿಯನ್ನು ಜೊತೆಗೆ ಒಯ್ದು ವೈದ್ಯರಿಗೆ ತೋರಿಸಿರಿ. ಬಲವಂತದಿಂದ ವಾಂತಿ ಮಾಡಿಸಬೇಡಿರಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿರಿ.

ಇನ್ನೊಂದು ಅಪಾಯ ಕೃಷಿ ಹೊಂಡದ್ದು. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಹೊಲಗಳಲ್ಲಿ ಹೊಂಡಗಳು ಹೆಚ್ಚಾದವು. ಬೆಳೆಗೆ ಅನುಕೂಲವೂ ಆಯಿತು. ಆದರೆ ಹಾಳೆ ಹಾಸಿದ ಹೊಂಡದ ಅಂಚು ಜಾರುತ್ತದೆ. ಒಳಗೆ ಜಾರಿದವನು ಈಜು ಬಲ್ಲವನಾದರೂ ಹತ್ತಿ ಬರಲಾರ. ಸುತ್ತ ಬೇಲಿ ಕಟ್ಟಿರಿ. ಗೂಟಕ್ಕೆ ಬಿಗಿದ, ಗಂಟು ಹಾಕಿದ ಹಗ್ಗವೊಂದು ನೀರಿನವರೆಗೆ ಸದಾ ಇಳಿಬಿಟ್ಟಿರಲಿ. ಹಬ್ಬದೂಟದ ಹೊತ್ತಿನಲ್ಲಿ ಮಕ್ಕಳ ಮೇಲೆ ಕಣ್ಣಿಡಲು ಒಬ್ಬರನ್ನು ಹೆಸರು ಹಿಡಿದು ನೇಮಿಸಿರಿ. ‘ಎಲ್ಲರೂ ನೋಡಿಕೊಳ್ಳುತ್ತಾರೆ’ ಎಂದರೆ ಯಾರೂ ನೋಡುವುದಿಲ್ಲ. ಹೊಲಕ್ಕೆ ಹೋಗುವಾಗ ಟ್ರ್ಯಾಕ್ಟರಿನ ಗಾಲಿಯ ಮೇಲಿನ ಮಡ್ಗಾರ್ಡಿನಲ್ಲಿ ಮಗುವನ್ನು ಕೂರಿಸಬೇಡಿರಿ.

ಸಂಕ್ರಾಂತಿ: ಕುಸುರೆಳ್ಳು ಹಂಚುವ ಕೈ

ಸಂಕ್ರಾಂತಿಯಲ್ಲಿ ಎಳ್ಳುಬೆಲ್ಲ, ಕುಸುರೆಳ್ಳು ಹಂಚಲು ಮಗುವನ್ನೇ ಮುಂದೆ ಮಾಡಿರಿ. ಮನೆಮನೆಗೆ ಹೋಗಿ ಹಿರಿಯರಿಗೆ ಕೊಟ್ಟು ಕಾಲಿಗೆರಗುವಾಗ ಯಾರು ಕಾಕಾ, ಯಾರು ದೊಡ್ಡವ್ವ, ಯಾರು ಸೋದರತ್ತೆ ಎಂಬುದು ತಾನಾಗಿ ತಿಳಿಯುತ್ತದೆ. ವರ್ಷವಿಡೀ ಮಾತು ಬಿಟ್ಟ ಮನೆಗೂ ಮಗುವಿನ ಕೈಯಿಂದ ಎಳ್ಳು ಹೋಗಲಿ. ದೊಡ್ಡವರಿಗೆ ಹೋಗಲಾರದ ಬಾಗಿಲಿಗೆ ಮಗು ಹೋಗಬಲ್ಲುದು.

ಎಚ್ಚರ: ಐದು ವರ್ಷದೊಳಗಿನ ಮಗುವಿಗೆ ಇಡೀ ಶೇಂಗಾ, ಹುರಿಗಡಲೆ, ಕೊಬ್ಬರಿಯ ತುಂಡು ಕೊಡಬೇಡಿರಿ, ಕುಟ್ಟಿ ಪುಡಿಮಾಡಿ ಕೊಡಿರಿ. ಬೋರೆಹಣ್ಣಿನ ಬೀಜ ತೆಗೆಯಿರಿ. ಮಗುವಿಗೆ ಬೋರೆಹಣ್ಣು ಎರೆಯುವಾಗ ಕೆಳಗೆ ಬಿದ್ದುದನ್ನು ಕೂಸುಗಳು ಹೆಕ್ಕಿ ಬಾಯಿಗಿಡದಂತೆ ನೋಡಿಕೊಳ್ಳಿರಿ. ಓಡುವಾಗ, ನಗುವಾಗ ಬಾಯಲ್ಲಿ ತಿನಿಸಿರಬಾರದು. ಗಂಟಲಲ್ಲಿ ಸಿಕ್ಕಿ ಕೆಮ್ಮಲೂ ಅಳಲೂ ಆಗದಿದ್ದರೆ, ವರ್ಷ ತುಂಬಿದ ಮಗುವನ್ನು ಮುಂದಕ್ಕೆ ಬಾಗಿಸಿ ಬೆನ್ನಿನ ನಡುವೆ ಅಂಗೈಯಿಂದ 5 ಸಲ ಬಲವಾಗಿ ಗುದ್ದಿರಿ. ಹೊರಬರದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿನ ಮೇಲುಗಡೆ ಮುಷ್ಟಿಯಿಟ್ಟು 5 ಸಲ ಒಳಕ್ಕೂ ಮೇಲಕ್ಕೂ ಒತ್ತಿರಿ. ಹೊರಬರುವವರೆಗೆ ಒಂದಾದ ಮೇಲೊಂದು ಮಾಡಿರಿ. ವರ್ಷ ತುಂಬದ ಕೂಸಿಗೆ ಹೊಟ್ಟೆ ಒತ್ತಕೂಡದು. ಮುಂಗೈಯ ಮೇಲೆ ತಲೆ ತಗ್ಗಿಸಿ ಬೋರಲು ಮಲಗಿಸಿ ಬೆನ್ನಿಗೆ 5 ಸಲ, ಅಂಗಾತ ತಿರುಗಿಸಿ ಎದೆಯ ನಡುವೆ ಎರಡು ಬೆರಳಿನಿಂದ 5 ಸಲ ಒತ್ತಬೇಕು. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿದರೆ ಅದು ಇನ್ನೂ ಒಳಗೆ ಹೋಗುತ್ತದೆ. ಇದನ್ನು ಮಾಡುತ್ತಿರುವಾಗಲೇ ಇನ್ನೊಬ್ಬರು 108ಕ್ಕೆ ಕರೆ ಮಾಡಲಿ.

ಕೊನೆಯ ಮಾತು

ಇಷ್ಟೆಲ್ಲ ಮಾಡಲು ಹೆಚ್ಚಿನ ಖರ್ಚಿಲ್ಲ. ಹಸಿಬಟ್ಟೆ, ನಾಲ್ಕು ಹಣತೆ, ಎರಡು ಸಾಲು ಕಡಲೆ, ಒಂದು ಹಗ್ಗ ಸಾಕು. ಬೇಕಾದುದು ನಿಮ್ಮ ಸ್ವಲ್ಪ ಹೊತ್ತು ಮತ್ತು ತಾಳ್ಮೆ. ಮಗು ಮಾಡಿದರೆ ಕೆಲಸ ತಡವಾಗುತ್ತದೆ, ಒಂದಿಷ್ಟು ಕೆಡುತ್ತದೆ. ಹಬ್ಬದ ದಿನವಲ್ಲವೇ, ತಡವಾಗಲಿ.

ಬರುವ ಪಾಡ್ಯದಂದು ಘಟಕ್ಕೆ ಮಣ್ಣು ತರುವಾಗ ಮಗುವನ್ನು ಕರೆದುಕೊಂಡು ಹೋಗಿರಿ. ಬಂದು ನೂರು ಕಾಳು ಎಣಿಸಲು ಕೂರಿಸಿರಿ. ನೂರರಲ್ಲಿ ಎಷ್ಟು ಮೊಳೆತವೆಂಬ ಲೆಕ್ಕವನ್ನು ಚೀಟಿಯಲ್ಲಿ ಬರೆದು ರೈತ ಸಂಪರ್ಕ ಕೇಂದ್ರಕ್ಕೆ ತನ್ನಿರಿ. ಬೀಜ ಬದಲಿಸಬೇಕೆ, ಹೆಚ್ಚು ಬಿತ್ತಬೇಕೆ ಎಂಬುದನ್ನು ಕೂಡಿ ವಿಚಾರಿಸೋಣ. ಚೀಟಿಯ ಕೆಳಗೆ ಎಣಿಸಿದ ಮಗುವಿನ ಹೆಸರಿರಲಿ.