ಇಮೇಲ್‌ನಲ್ಲಿ ಬಂದ ಪ್ಯಾಚ್, ಚಾಚಾ ಅಂಗಡಿಯ ಉದ್ರಿ ಪುಸ್ತಕ

ಕಳೆದ ರಜೆಯಲ್ಲಿ ಚಾಚಾ ಅಂಗಡಿಯ ಉದ್ರಿ ಲೆಕ್ಕ ಬರೆಯುತ್ತಿದ್ದೆ. ಒಂದು ದಿನ ಅವರು ಪರವೂರಿನಿಂದ ಮೆಸೇಜ್ ಕಳಿಸಿದರು: "ಸಲೀಂ ಹೆಸರಲ್ಲಿ 2,400 ಕಡಿಮೆ ಮಾಡು." ಪುಸ್ತಕದಲ್ಲಿ ಇಬ್ಬರು ಸಲೀಂ ಇದ್ದರು. ಕೇಳದೆ, ಮೊದಲು ಕಂಡವರ ಖಾತೆಯಲ್ಲಿ ಕಳೆದುಬಿಟ್ಟೆ. ನಿಜವಾಗಿ ಹಣ ಕೊಟ್ಟಿದ್ದ ಸಲೀಂ ಭಾಯಿಯನ್ನು ಎರಡು ವಾರದ ಮೇಲೆ ನಾನೇ ಗಿರಾಕಿಗಳ ಮುಂದೆ, "ಬಾಕಿ ಯಾವಾಗ ಕೊಡ್ತೀರಿ?" ಎಂದು ಕೇಳಿದೆ. ಅವರು ಮತ್ತೆ ಅಂಗಡಿಗೆ ಬಂದಿಲ್ಲ.

ಸಾಫ್ಟ್‌ವೇರ್ ಕೆಲಸದಲ್ಲಿರುವ ಅಣ್ಣನಿಗೆ ಇದನ್ನು ಹೇಳಿದಾಗ ಅವನು ಲ್ಯಾಪ್‌ಟಾಪ್ ತೆರೆದು ಒಂದು ಪ್ಯಾಚ್ ತೋರಿಸಿದ.

ಲಿನಕ್ಸ್ ಕರ್ನಲ್ ಬರೆಯುವವರು ಇವತ್ತಿಗೂ ತಿದ್ದುಪಡಿಗಳನ್ನು ಇಮೇಲ್‌ನಲ್ಲೇ ಕಳಿಸುತ್ತಾರೆ. ಪೂರ್ತಿ ಫೈಲ್ ಅಲ್ಲ, ಬದಲಾದ ಭಾಗ ಮಾತ್ರ. ಅದೇ ಪ್ಯಾಚ್. ಸಾಲಿನ ಮೊದಲಲ್ಲಿ - ಇದ್ದರೆ ತೆಗೆ, + ಇದ್ದರೆ ಸೇರಿಸು, ಒಂದು ಖಾಲಿ ಜಾಗ ಇದ್ದರೆ ಮುಟ್ಟಬೇಡ. ಮುಟ್ಟಬಾರದ ಸಾಲುಗಳನ್ನು ಕಳಿಸುವುದು ಜಾಗದ ಗುರುತಿಗಾಗಿ. ಮೇಲೆ @@ -10,6 +10,7 @@ ಎಂದಿದ್ದರೆ, ಹಳೆಯದರಲ್ಲಿ 10ನೇ ಸಾಲಿನಿಂದ 6 ಸಾಲು, ಹೊಸದರಲ್ಲಿ 7. ನಮ್ಮ ಟ್ರಯಲ್ ಬ್ಯಾಲೆನ್ಸ್ ಹಾಗೆ ಎಣಿಕೆ ತಾಳೆಯಾಗಲೇಬೇಕು.

ಆದರೆ ಕೆಲವು ಮೇಲ್ ಪ್ರೋಗ್ರಾಂಗಳು ಉದ್ದ ಸಾಲನ್ನು ಮುರಿಯುತ್ತವೆ, ಟ್ಯಾಬನ್ನು ಸ್ಪೇಸ್ ಮಾಡುತ್ತವೆ. ಮುರಿದ ತುಂಡಿನ ಮೊದಲಲ್ಲಿ ಯಾವ ಗುರುತೂ ಇರುವುದಿಲ್ಲ. ಉರ್ದುವಿನಲ್ಲಿ 'ಬಾಪ್', 'ಬಾತ್' ಎರಡರ ಕೊನೆಯ ಅಕ್ಷರಕ್ಕೂ ಆಕಾರ ಒಂದೇ, ನುಕ್ತೆ ಮಾತ್ರ ಬೇರೆ. ನುಕ್ತೆ ಅಳಿಸಿದರೆ ಅಪ್ಪನೋ ಮಾತೋ ಗೊತ್ತಾಗದು. ಇಲ್ಲೂ ಅದೇ ಕಥೆ. ಆಗ ಗಿಟ್ ಪ್ಯಾಚ್ ಕೆಟ್ಟಿದೆ ಎಂದು ಸಾಲಿನ ಸಂಖ್ಯೆ ಹೇಳಿ ನಿಲ್ಲುತ್ತದೆ. ಪೂರ್ತಿ ಖಾಲಿ ಸಾಲಿಗೆ ಮಾತ್ರ ರಿಯಾಯಿತಿ: ಅದಕ್ಕೆ ಒಂದೇ ಅರ್ಥ ಸಾಧ್ಯ, ಮುಟ್ಟಬಾರದ ಖಾಲಿ ಸಾಲು.

ಇನ್ನೊಂದು ತಮಾಷೆ. ಮೇಲ್‌ನಲ್ಲಿ ಮೊದಲು ವಿವರಣೆ, ಆಮೇಲೆ ಪ್ಯಾಚ್. ವಿವರಣೆಯ ನಡುವೆಯೇ ಬರೀ --- ಇರುವ ಒಂದು ಸಾಲು ಬಂದರೆ, ಪ್ಯಾಚ್ ಅಲ್ಲಿಂದಲೇ ಶುರು ಎಂದು ಗಿಟ್ ತಿಳಿಯುತ್ತದೆ. ಉಳಿದ ವಿವರಣೆ ದಾಖಲೆಗೆ ಸೇರುವುದಿಲ್ಲ.

ಲ್ಯಾರಿ ವಾಲ್ 1985ರಲ್ಲಿ ಬರೆದ 'ಪ್ಯಾಚ್' ಪ್ರೋಗ್ರಾಂ ಸ್ವಲ್ಪ ಉದಾರಿ. ಗುರುತಿನ ಸಾಲುಗಳು ಪೂರ್ತಿ ಹೊಂದದಿದ್ದರೂ ಎರಡು ಸಾಲಿನ ಮಟ್ಟಿಗೆ ಬಿಟ್ಟುಕೊಟ್ಟು ಹಚ್ಚಲು ನೋಡುತ್ತದೆ. ಇದಕ್ಕೆ 'ಫಜ್' ಎನ್ನುತ್ತಾರೆ. ಒಂದೇ ಥರದ ಸಾಲುಗಳು ಎರಡು ಕಡೆ ಇದ್ದರೆ ತಪ್ಪು ಜಾಗಕ್ಕೂ ಹೋಗಬಹುದು. ಆದರೆ ಫಜ್ ಬಳಸಿದ್ದನ್ನು ಅದು ಬಾಯಿಬಿಟ್ಟು ಹೇಳುತ್ತದೆ. ನಾನು ಚಾಚಾಗೆ ಅದನ್ನೂ ಹೇಳಲಿಲ್ಲ! ಹೊಂದದ ತುಂಡನ್ನು ಬೇರೆ ಫೈಲಿನಲ್ಲಿ ಇಡುತ್ತದೆ, ನಮ್ಮ ಸಸ್ಪೆನ್ಸ್ ಅಕೌಂಟ್ ಇದ್ದ ಹಾಗೆ. ಮೊದಲೇ ಹಚ್ಚಿದ ಪ್ಯಾಚ್ ಎಂದು ಅನುಮಾನ ಬಂದರೆ ಕೇಳುತ್ತದೆ.

2005ರಲ್ಲಿ ಬಂದ ಗಿಟ್ ಇನ್ನೂ ಕಟ್ಟುನಿಟ್ಟು. ಒಂದು ತುಂಡು ಹೊಂದದಿದ್ದರೂ, ನಾವಾಗಿ ಬೇರೆ ಹೇಳದ ಹೊರತು, ಇಡೀ ಪ್ಯಾಚನ್ನೇ ಬಿಡುತ್ತದೆ. ಅರ್ಧ ತಿದ್ದಿದ ಫೈಲ್ ಉಳಿಯುವುದಿಲ್ಲ. ನನಗೆ ಇದೇ ಹೆಚ್ಚು ಇಷ್ಟವಾಯಿತು.

ಈಗ ಉದ್ರಿ ಪುಸ್ತಕದಲ್ಲಿ ಪ್ರತಿ ಹೆಸರಿನ ಪಕ್ಕ ಬೀದಿಯ ಹೆಸರನ್ನೂ ಬರೆದಿದ್ದೇನೆ. ಸಲೀಂ ಭಾಯಿಯ ಮನೆಗೆ ಹೋಗಿ ಮಾಫಿ ಕೇಳುವುದು ಬಾಕಿ ಇದೆ. ಚಾಚಾ ಜೊತೆಗೆ ಬರುತ್ತೇನೆ ಎಂದಿದ್ದಾರೆ.